ಕಳೆಯ ಹೂವಿನ ಗೆರೆ ಎಣಿಸಿ

ಜೋಳದ ಹೊಲದಲ್ಲಿ, ಕುಳೆ ಕಬ್ಬಿನ ಬುಡದಲ್ಲಿ ಗೇಣುದ್ದದ ಗಿಡವೊಂದು ಏಳುತ್ತದೆ. ಕಿರಿದಾದ ಒರಟು ಎಲೆ, ಕಡ್ಡಿಯ ಉದ್ದಕ್ಕೂ ಬಿಳಿ ಹೂ. ಹೂವಿನ ಅಗಲ ಸುಮಾರು ಒಂದು ಸೆಂಟಿಮೀಟರ್. ಇದು ಸ್ಟ್ರೈಗಾ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಹೊಲಗಳಿಂದ ಅಥಣಿಯ ಒಣ ಎರೆ ಭೂಮಿಯವರೆಗೆ ಜೋಳ, ಕಬ್ಬು ಬೆಳೆಯುವವರಿಗೆ ಇದು ಬೆಳೆಯ ಬೇರು ಹೀರುವ ಕಸ ಎಂಬುದನ್ನು ಹೇಳಿಕೊಡಬೇಕಿಲ್ಲ. ಆದರೆ ಇದು ಯಾವ ಸ್ಟ್ರೈಗಾ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆಫ್ರಿಕಾದಲ್ಲಿ ಕೆಂಪು ಹೂ ಬಿಡುವ ಸ್ಟ್ರೈಗಾ ಏಷ್ಯಾಟಿಕಾ ನಮ್ಮಲ್ಲಿ ಹೆಚ್ಚಾಗಿ ಬಿಳಿ ಹೂವನ್ನೇ ಬಿಡುತ್ತದೆ. ಸ್ಟ್ರೈಗಾ ಡೆನ್ಸಿಫ್ಲೋರಾ ಕೂಡ ಬಿಳಿ, ಸ್ಟ್ರೈಗಾ ಅಂಗಸ್ಟಿಫೋಲಿಯಾ ಕೂಡ ಬಿಳಿ. ಹೂವಿನ ಬಣ್ಣ ನಂಬಿದವರು ಇಲ್ಲಿ ಎಡವುತ್ತಾರೆ.

ಗುರುತು ಇರುವುದು ಯಾರೂ ನೋಡದ ಜಾಗದಲ್ಲಿ. ಬಿಳಿ ದಳಗಳ ಕೆಳಗೆ ಹಸಿರು ಕೊಳವೆಯಂಥ ಪುಷ್ಪಪಾತ್ರೆ ಇದೆಯಲ್ಲ, ಅದರ ಮೈಮೇಲೆ ಉಬ್ಬಿದ ಉದ್ದ ಗೆರೆಗಳಿವೆ. ಡೆನ್ಸಿಫ್ಲೋರಾದಲ್ಲಿ ಐದು, ಏಷ್ಯಾಟಿಕಾದಲ್ಲಿ ಸಾಮಾನ್ಯವಾಗಿ ಹತ್ತು, ಅಂಗಸ್ಟಿಫೋಲಿಯಾದಲ್ಲಿ ಹದಿನೈದು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಒಂದಿದ್ದರೆ ಬದುವಿನ ಮೇಲೆ ಕೂತೇ ಎಣಿಸಬಹುದು.

ಹೀಗಾಗಿ ಕಳೆಯ ಹೂವಿನ ಚೆಂದದ ಫೋಟೊ ಬೇರೆ, ಕೆಲಸಕ್ಕೆ ಬರುವ ಫೋಟೊ ಬೇರೆ. ನೇರ ಎದುರಿನಿಂದ ದಳಗಳನ್ನಷ್ಟೇ ತೆಗೆದ ಚಿತ್ರ ಮೊಬೈಲಿನ ವಾಲ್‌ಪೇಪರಿಗೆ ಸರಿ. ಗಿಡ ಗುರುತಿಸುವವರಿಗೆ ಹೂವಿನ ಮಗ್ಗುಲು ಬೇಕು, ಎಲೆಯ ಬೆನ್ನು ಬೇಕು, ಎಲೆ ಕಾಂಡಕ್ಕೆ ಸೇರುವ ಗಿಣ್ಣು ಬೇಕು, ಕಾಯಿ ಬೇಕು, ನಿಂತ ಜಾಗದಲ್ಲಿ ಇಡೀ ಗಿಡ ಬೇಕು. ಇವುಗಳಲ್ಲಿ ಒಂದೂ ಯಾರ ಮೆಚ್ಚುಗೆಯನ್ನೂ ಗಳಿಸುವ ಚಿತ್ರವಲ್ಲ. ಆದರೂ ಹೆಸರು ಸಿಗುವುದು ಇವುಗಳಿಂದಲೇ. ಮೊಬೈಲಿನ ಗುರುತು ಹಿಡಿಯುವ ಆ್ಯಪ್‌ಗಳು ಕೂಡ ಕೊಟ್ಟ ಚಿತ್ರದಲ್ಲಿ ಕಾಣದ ಗೆರೆಯನ್ನು ಎಣಿಸಲಾರವು.

ಸಣ್ಣ ಹೂವನ್ನು ಹತ್ತಿರದಿಂದ ತೆಗೆಯುವಾಗ ಎದುರಾಗುವ ತೊಡಕು ಬೆಳಕಿನ ಭೌತಶಾಸ್ತ್ರದ್ದು. ವಸ್ತುವನ್ನು ಎಷ್ಟು ಹಿಗ್ಗಿಸುತ್ತೇವೋ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಅಷ್ಟು ತೆಳುವಾಗುತ್ತದೆ. ದೊಡ್ಡ ಸಂವೇದಕದ ಕ್ಯಾಮೆರಾದಲ್ಲಿ ಹೂವಿನ ಬಿಂಬ ಅದರ ನಿಜ ಗಾತ್ರದಷ್ಟೇ ಮೂಡುವಂತೆ ಮ್ಯಾಕ್ರೊ ಲೆನ್ಸ್ ಹೊಂದಿಸಿ, ರಂಧ್ರವನ್ನು ಎಫ್/8ಕ್ಕೆ ಇಟ್ಟರೂ ಆ ಪದರ ಸುಮಾರು 1 ಮಿಲಿಮೀಟರ್ ಮಾತ್ರ. ಮುಂದಿನ ದಳ ಸ್ಪಷ್ಟವಾದರೆ ಹಿಂದಿನ ಪುಷ್ಪಪಾತ್ರೆ ಮಸುಕು. ಮೊಬೈಲಿನ ಸಂವೇದಕ ಚಿಕ್ಕದು. ಅದರಲ್ಲಿ ಪದರ ಸ್ವಲ್ಪ ದಪ್ಪ ಸಿಗುತ್ತದೆ. ಅಗ್ಗದ ಕ್ಲಿಪ್ ಲೆನ್ಸ್ ಸಿಕ್ಕಿಸಿದ ಮೊಬೈಲ್ ಈ ಕೆಲಸಕ್ಕೆ ಅನೇಕರು ಅಂದುಕೊಂಡಷ್ಟು ಕಳಪೆಯಲ್ಲ.

ಗಾಳಿ ಇನ್ನೊಂದು ಶತ್ರು. ಆಷಾಢದಲ್ಲಿ ಈ ಬಯಲಿನಲ್ಲಿ ಹೂವಿನ ಕಡ್ಡಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಬೆಳಗಿನ ಜಾವ ಗಾಳಿ ತಗ್ಗಿದಾಗ ಹೊರಡುವುದು ಒಳ್ಳೆಯದು; ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಕಡ್ಡಿಗೆ ಕಟ್ಟಿ ನೆಲಕ್ಕೆ ಚುಚ್ಚಿ, ಗಿಡದ ಕಾಂಡವನ್ನು ಅದರಲ್ಲಿ ಹಿಡಿಸಿದರೆ ಇನ್ನೂ ಒಳ್ಳೆಯದು. ಬಿಳಿ ಹೂವಿಗೆ ನೇರ ಬಿಸಿಲು ಬಿದ್ದರೆ ದಳದ ವಿವರವೆಲ್ಲ ಸುಟ್ಟುಹೋಗುತ್ತದೆ, ಆದ್ದರಿಂದ ಕೊಡೆಯ ನೆರಳು ಬೇಕು.

ಕಳೆಯ ಛಾಯಾಗ್ರಾಹಕನಿಗೆ ಕಾಡಿನ ಛಾಯಾಗ್ರಾಹಕನಿಗಿಲ್ಲದ ಸ್ವಾತಂತ್ರ್ಯವೊಂದಿದೆ: ಕೀಳಬಹುದು! ಸಂಜೆಯೊಳಗೆ ಕುರ್ಪಿಗೆ ಸಿಗುವ ಗಿಡ ತಾನೆ? ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಿಲಿಮೀಟರಿನ ಗ್ರಾಫ್ ಹಾಳೆಯ ಮೇಲಿಟ್ಟು ತೆಗೆಯಿರಿ. ಅಳತೆ ಚಿತ್ರದಲ್ಲೇ ಉಳಿಯುತ್ತದೆ.

ಹೆಸರು ಹುಡುಕಲು ಹೊರಟರೆ ಈ ತಾಲ್ಲೂಕುಗಳ ಇತಿಹಾಸ ಅಡ್ಡ ಬರುತ್ತದೆ. ಚಿಕ್ಕೋಡಿ, ಅಥಣಿಗಳೆಲ್ಲ ಮುಂಬೈ ಪ್ರಾಂತದಲ್ಲಿದ್ದುದರಿಂದ ಇಲ್ಲಿನ ಗಿಡಗಳ ಹಳೆಯ ದಾಖಲೆ ಮೈಸೂರಿನ ಪುಸ್ತಕಗಳಲ್ಲಿಲ್ಲ. ರೈಲ್ವೆ ಎಂಜಿನಿಯರ್ ಆಗಿ ಬಂದು, ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲನಾಗಿ ನಿವೃತ್ತನಾದ ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಕಂತುಗಳಲ್ಲಿ ಹೊರತಂದ ಮುಂಬೈ ಪ್ರಾಂತದ ಸಸ್ಯಸಂಪತ್ತಿನ ಗ್ರಂಥವೇ ಇಂದಿಗೂ ಇಲ್ಲಿಗೆ ಆಧಾರ. ಅದರಲ್ಲಿ ಬೆಳಗಾವಿ ಸೀಮೆ ‘ದಕ್ಷಿಣ ಮರಾಠಾ ದೇಶ’ದ ಭಾಗ. ಸೆಸಿಲ್ ಸಲ್ಡಾನ್ಹಾ ಅವರ ಕರ್ನಾಟಕದ ಸಸ್ಯಸಂಪತ್ತಿನ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಎಲ್ಲ ಕುಟುಂಬಗಳೂ ಅದರಲ್ಲಿ ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಸಸ್ಯಕೋಶ ಈಗ ಆ ಕೊರತೆಯನ್ನು ಬಹಳಮಟ್ಟಿಗೆ ತುಂಬಿದೆ. ಕುಕ್‌ನನ್ನು ಓದುವಾಗ ಎರಡು ಎಚ್ಚರ ಬೇಕು. ಕುಟುಂಬಗಳು ಅದಲುಬದಲಾಗಿವೆ, ಹೆಸರುಗಳೂ ಬದಲಾಗಿವೆ. ಸಹದೇವಿ ಆಗ ವರ್ನೋನಿಯಾ, ಈಗ ಸಯಾಂಥಿಲಿಯಂ. ಮತ್ತೆ, ಈಗ ಎಲ್ಲ ರಸ್ತೆಯಂಚಿನಲ್ಲೂ ಇರುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಆ ಪುಸ್ತಕದಲ್ಲಿಲ್ಲ. ಅದು ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ. ಅದರ ಬಿಳಿ ಹೂತಲೆಯನ್ನು ಮಸೂರದಡಿ ನೋಡಿದರೆ ಅಂಚಿನಲ್ಲಿ ಐದೇ ಪುಟ್ಟ ಹೂಗಳು, ಬೀಜ ಕಟ್ಟುವುದೂ ಆ ಐದೇ. ಮೈ ತುರಿಸುವವರು ಅಷ್ಟು ಹತ್ತಿರ ಮುಖ ಇಡದಿರುವುದೇ ಲೇಸು.

ಹಿತ್ತಗಣಿಯ ವಿಷಯ ಇನ್ನೂ ಸೋಜಿಗದ್ದು. ಕನ್ನೆ ಸೊಪ್ಪು ಎಂದೂ ಕರೆಯುವ ಈ ಕೊಮೆಲಿನಾ ಬೆಂಗಾಲೆನ್ಸಿಸ್‌ನ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಎರಡು ದಳ ದೊಡ್ಡವು, ಮೂರನೆಯದು ಸಣ್ಣದು. ಹೂ ಹೊರಬರುವ ಹಸಿರು ದೊನ್ನೆಯ ಅಂಚುಗಳು ಬುಡದಲ್ಲಿ ಬೆಸೆದು ಆಲಿಕೆಯಂತಾಗಿದ್ದರೆ ಬೆಂಗಾಲೆನ್ಸಿಸ್. ಅಂಚು ಬಿಚ್ಚಿಕೊಂಡಿದ್ದರೆ ಅದರ ನೆಂಟ ಕೊಮೆಲಿನಾ ಡಿಫ್ಯೂಸಾ ಇರಬಹುದು. ಈ ವ್ಯತ್ಯಾಸ ಸುಮ್ಮನೆ ಪಂಡಿತರ ಚರ್ಚೆಯಲ್ಲ. ಬೆಂಗಾಲೆನ್ಸಿಸ್ ಮಣ್ಣಿನ ಒಳಗೂ ಹೂ ಬಿಡುತ್ತದೆ! ಬಣ್ಣವಿಲ್ಲದ, ಎಂದೂ ಅರಳದ ಆ ಹೂಗಳು ತಮ್ಮೊಳಗೇ ಪರಾಗಸ್ಪರ್ಶ ಮುಗಿಸಿ ನೆಲದೊಳಗೇ ಬೀಜ ಕಟ್ಟುತ್ತವೆ. ಮೇಲಿನ ನೀಲಿ ಹೂ ಕಂಡಾಕ್ಷಣ ಎಡೆ ಹೊಡೆದರೂ ಕೆಳಗಿನ ಬೀಜ ಉಳಿದಿರುತ್ತದೆ, ತುಂಡಾದ ಕಾಂಡ ತೇವ ಸಿಕ್ಕಲ್ಲಿ ಮತ್ತೆ ಬೇರೂರುತ್ತದೆ. ಬುಡವನ್ನು ಅಗೆದು, ಬಕೆಟ್ಟಿನಲ್ಲಿ ತೊಳೆದು ತೆಗೆದ ಒಂದು ಫೋಟೊ ನೀಲಿ ಹೂವಿನ ನೂರು ಫೋಟೊಗಳಿಗಿಂತ ಹೆಚ್ಚು ಹೇಳುತ್ತದೆ.

ನೆಲನೆಲ್ಲಿಯನ್ನು ಕಾಮಾಲೆಯ ಮನೆಮದ್ದಿಗೆ ಕೀಳುವವರು ಎಲೆಯ ಸಾಲು ನೋಡಿ ಕೀಳುತ್ತಾರೆ. ಅದೇ ಸಾಲು ಅದರ ಹತ್ತಿರದ ಸಂಬಂಧಿಗಳಲ್ಲೂ ಇದೆ. ಕಡ್ಡಿಯನ್ನು ತಿರುವಿ ಹಾಕಿದರೆ ಸಾಸಿವೆಯಷ್ಟು ಹೂವು, ಕಾಯಿ ಕಾಣುತ್ತವೆ: ಫಿಲ್ಲಾಂಥಸ್ ಅಮಾರಸ್‌ನ ಕಾಯಿ ನುಣುಪು, ತೊಟ್ಟಿನಲ್ಲಿ ಜೋತಿರುತ್ತದೆ; ಯೂರಿನೇರಿಯಾದ ಕಾಯಿ ಗುಳ್ಳೆಗುಳ್ಳೆಯಾಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ.

ಮತ್ತೆ ಸ್ಟ್ರೈಗಾಕ್ಕೆ ಬರೋಣ, ಏಕೆಂದರೆ ಈ ಸೀಮೆಯಲ್ಲಿ ಹೂವನ್ನು ಗುರುತಿಸಿದ್ದಕ್ಕೆ ನೇರವಾಗಿ ಫಲ ಸಿಗುವುದು ಅಲ್ಲೇ. ಅದರ ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಬೀಜದ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗ. ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲದು. ಹತ್ತಿರದ ಬೇರಿನಿಂದ ಒಸರುವ ರಾಸಾಯನಿಕ ತಾಗಿದಾಗಷ್ಟೇ ಮೊಳೆಯುತ್ತದೆ. 1966ರಲ್ಲಿ ಅಮೆರಿಕದ ಸಂಶೋಧಕರು ಹತ್ತಿಯ ಬೇರಿನಿಂದ ಅಂಥ ಒಂದು ರಾಸಾಯನಿಕವನ್ನು ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಗಿಡವೊಂದು ತನ್ನ ಶತ್ರುವನ್ನು ತಾನೇ ಕೂಗಿ ಎಬ್ಬಿಸುವುದೇಕೆ? ಉತ್ತರ 2005ರಲ್ಲಿ ಜಪಾನಿನಿಂದ ಬಂತು: ಆ ಕರೆ ಹೋಗುವುದು ರಂಜಕ ಒದಗಿಸುವ ಬೇರುಶಿಲೀಂಧ್ರಕ್ಕೆ. ಸ್ಟ್ರೈಗಾ ಅದನ್ನು ಕದ್ದು ಕೇಳುತ್ತದೆ. ರಂಜಕ, ಸಾರಜನಕ ಕಡಿಮೆಯಾದ ನೆಲದಲ್ಲಿ ಜೋಳದ ಬೇರು ಹೆಚ್ಚು ಒಸರುತ್ತದೆ, ಬಡ ನೆಲದಲ್ಲಿ ಈ ಕಸ ಹೆಚ್ಚಲು ಅದೂ ಒಂದು ಕಾರಣ. ಹತ್ತಿಯ ಬೇರಿಗೆ ಮೊಳೆತ ಸ್ಟ್ರೈಗಾ ಹತ್ತಿಗೆ ಅಂಟಿಕೊಳ್ಳಲಾಗದೆ ಸಾಯುತ್ತದೆ. ಜೋಳದ ಹೊಲದಲ್ಲಿ ನಡುನಡುವೆ ಹತ್ತಿ ಬೆಳೆಯಿರಿ ಎಂಬ ಸಲಹೆಗೆ ಆಧಾರ ಇದು.

ನಿಪ್ಪಾಣಿಯ ತಂಬಾಕಿಗೆ ಬರುವ ಬೆಂಕಿ ಗಿಡ, ಅಂದರೆ ಒರೊಬ್ಯಾಂಕಿ, ಇದರದೇ ಕುಟುಂಬ. ಸ್ಟ್ರೈಗಾಕ್ಕೆ ಹಸಿರು ಎಲೆಯಾದರೂ ಇದೆ, ಇದಕ್ಕೆ ಅದೂ ಇಲ್ಲ. ತಂಬಾಕಿನ ಬುಡದಲ್ಲಿ ಕಂದು ದಂಟಾಗಿ ಎದ್ದು, ನಸುನೇರಳೆ ಛಾಯೆಯ ಹೂ ಬಿಡುತ್ತದೆ. ಎರಡೂ ನೆಲದಿಂದ ಮೇಲೆ ಕಾಣುವ ಹೊತ್ತಿಗೆ ಬೆಳೆಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಹಾಗಾದರೆ ಹೂವನ್ನು ನೋಡಿ ಪ್ರಯೋಜನವೇನು? ಈ ವರ್ಷದ ಬೆಳೆಗೆ ಹೆಚ್ಚಿಲ್ಲ. ಮುಂದಿನ ಹತ್ತು ವರ್ಷದ ಬೆಳೆಗೆ ಬಹಳ.

ಆದ್ದರಿಂದ ಬಿಳಿ ಹೂ ಕಂಡ ದಿನ ಪುಷ್ಪಪಾತ್ರೆಯ ಗೆರೆ ಕಾಣುವಂತೆ ಮಗ್ಗುಲಿನಿಂದ ಫೋಟೊ ತೆಗೆಯಿರಿ. ತಾಲ್ಲೂಕು, ಊರು, ಬೆಳೆ, ತಾರೀಖು ಬರೆದಿಟ್ಟು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಕಾಯಿ ಬಲಿಯುವ ಮೊದಲು ಗಿಡವನ್ನು ಕಿತ್ತು ಸುಟ್ಟುಬಿಡಿ. ಬದುವಿನ ಮೇಲೆ ಎಸೆಯಬೇಡಿ, ತಿಪ್ಪೆಗೂ ಹಾಕಬೇಡಿ.