ಸ್ಮೃತಿಭ್ರಂಶವೂ ಟೌ ಎಂಬ ಸಸಾರಜನಕವೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಮನೆಯು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಇರಲಾರದು. ಅರವತ್ತನ್ನು ಮುಟ್ಟಿದ ನಮಗೆ ಅದು ರುಚಿಸದಿರುವುದು ಸ್ವಾಭಾವಿಕವೇ ಸರಿ. ಅಮ್ಮಮ್ಮನು ಉಂಡದ್ದನ್ನು ಮರೆತು ಮತ್ತೆ ಊಟಕ್ಕೆ ಕುಳಿತರೂ, ಅಜ್ಜಯ್ಯನವರು ತೋಟದಿಂದ ಮನೆಗೆ ಬರುವ ದಾರಿಯನ್ನು ಮರೆತರೂ, ಮನೆಯವರು ಈ ಗಾದೆಯನ್ನಾಡಿ ಸುಮ್ಮನಾಗುವರು. ವಯಸ್ಸಿನೊಡನೆ ನೆನಪು ಕೊಂಚ ಮಂದವಾಗುವುದು ಸಹಜ. ಇಂತಹ ಮರೆವಾದರೋ ವ್ಯಾಧಿಯ ಲಕ್ಷಣವಾಗಿರಬಹುದು.

ಜರ್ಮನಿಯ ವೈದ್ಯರಾದ ಅಲೋಯ್ಸ್ ಆಲ್ಝೈಮರ್ ಎಂಬವರು, ಮರೆವಿನ ರೋಗದಿಂದ ಬಳಲಿ ಮೃತಳಾದ ಸ್ತ್ರೀಯೊಬ್ಬಳ ಮೆದುಳಿನ ಕೋಶಗಳಲ್ಲಿ ತೊಡಕಾದ ನೂಲಿನಂತಹ ಗಂಟುಗಳನ್ನು ಕಂಡು 1906ರಲ್ಲಿ ವಿವರಿಸಿದರು. ಆ ನೂಲು ಮುಖ್ಯವಾಗಿ ‘ಟೌ’ ಎಂಬ ಸಸಾರಜನಕವೆಂದು, ಎಂದರೆ ಈಗ ಪ್ರೋಟೀನೆಂದು ರೂಢಿಯಲ್ಲಿರುವ ದ್ರವ್ಯವೆಂದು, 1980ರ ದಶಕದಲ್ಲಿ ತಿಳಿದುಬಂದಿತು. ಸ್ವಸ್ಥ ಮೆದುಳಿನಲ್ಲಿ ಟೌ ಉಪಕಾರಿಯೇ. ಚಪ್ಪರದ ದಬ್ಬೆಗಳನ್ನು ಹಗ್ಗವು ಬಿಗಿದು ಹಿಡಿಯುವಂತೆ, ನರಕೋಶದೊಳಗೆ ಸಾಗಾಟದ ದಾರಿಗಳಾದ ಸೂಕ್ಷ್ಮನಾಳಗಳನ್ನು ಅದು ಭದ್ರಪಡಿಸುವುದು. ರೋಗದಲ್ಲಿ ಆ ಹಗ್ಗವು ಕಳಚಿಕೊಂಡು ತನ್ನಲ್ಲಿಯೇ ತೊಡಕಾಗುವುದು.

ಇದನ್ನು ಪರೀಕ್ಷಿಸಲು ಟೌ ಬೇಕೆಂದು ಜೀವಂತ ಮನುಷ್ಯನ ಮೆದುಳಿಗೆ ಕೈಯಿಡಲಾಗದಷ್ಟೆ. ಆದಕಾರಣ ವಿಜ್ಞಾನಿಗಳು ಟೌವನ್ನು ಕಟ್ಟುವ ಮಾನವ ವಂಶವಾಹಿಯ ಪ್ರತಿಯನ್ನು ಎಷೆರಿಕಿಯಾ ಕೋಲೈ ಎಂಬ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಾಣುವಿನೊಳಗೆ ಸೇರಿಸುವರು. ಒಂದು ಚಮಚ ಹೆಪ್ಪಿನಿಂದ ಪಾತ್ರೆಯ ಹಾಲೆಲ್ಲ ಮೊಸರಾಗುವಂತೆ, ಆ ಸೂಕ್ಷ್ಮಾಣುವು ಅಸಂಖ್ಯವಾಗಿ ಬೆಳೆದು, ತನಗೆ ಬೇಡದ ಮಾನವ ಸಸಾರಜನಕವನ್ನು ಕಟ್ಟಿಕೊಡುವುದು. ಇದಕ್ಕೆ ‘ಪುನಸ್ಸಂಯೋಜಿತ’ವೆಂದು ಹೆಸರು. ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್ ಸಹ ಇದೇ ಮಾರ್ಗದಿಂದ ಬಂದುದು.

ಬೆಳೆದ ಸೂಕ್ಷ್ಮಾಣುಗಳನ್ನು ಒಡೆದು ರಸವನ್ನು ಕುದಿಸಿದರೆ, ಅವುಗಳ ಸ್ವಂತ ಸಸಾರಜನಕಗಳಲ್ಲಿ ಹೆಚ್ಚಿನವು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುವು. ಟೌ ಮಾತ್ರ ಕೆಡದೆ, ಗಂಜಿಯ ತಿಳಿಯಂತೆ ಮೇಲಣ ನೀರಿನಲ್ಲಿ ಉಳಿಯುವುದು. ಅದನ್ನು ಮತ್ತಷ್ಟು ಶೋಧಿಸಿ, ಸಾಮಾನ್ಯವಾಗಿ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತದಲ್ಲಿ ಕಾಯ್ದಿಡುವರು. 441 ಅಮೈನೋ ಆಮ್ಲಗಳ ಈ ಸರಪಣಿಯು ಹೇಗೆ ತೊಡಕಾಗುವುದು, ಯಾವ ದ್ರವ್ಯವು ಆ ತೊಡಕನ್ನು ತಡೆಯುವುದು ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವರು.

ಆದರೆ ಇದಕ್ಕೂ ಒಂದು ಮಿತಿಯುಂಟು. ಮಾನವನ ಮೆದುಳು ಟೌವಿಗೆ ಅಂಟಿಸುವ ಫಾಸ್ಫೇಟುಗಳನ್ನು ಸೂಕ್ಷ್ಮಾಣುವು ಹಾಗೆಯೇ ಅಂಟಿಸಲಾರದು. ಹೆಪಾರಿನ್ ಬೆರೆಸಿ ಪ್ರಯೋಗನಾಳದಲ್ಲಿ ಮಾಡಿದ ಟೌ ಎಳೆಗಳ ಆಕಾರವು ರೋಗಿಯ ಮೆದುಳಿನ ಎಳೆಗಳಂತಿಲ್ಲವೆಂದು 2019ರಲ್ಲಿ ಸ್ಪಷ್ಟವಾಯಿತು. ಆದುದರಿಂದ ಮರಣಾನಂತರ ಬಂಧುಗಳು ದಾನವಿತ್ತ ಮೆದುಳೂ ಸಂಶೋಧನೆಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಇಂತಹ ಮೆದುಳಿನ ಭಂಡಾರವೊಂದಿದೆ.

ಪ್ರಯೋಗಶಾಲೆಯ ಈ ಟೌ ಔಷಧವಲ್ಲವೆಂಬುದನ್ನು ವಾಚಕರು ಮರೆಯಬಾರದು. ಅದನ್ನು ಸೇವಿಸಿದರೆ ನೆನಪು ಮರಳದು. ಇದಲ್ಲದೆ ಮರೆವೆಲ್ಲವೂ ಆಲ್ಝೈಮರ್ ರೋಗವೂ ಅಲ್ಲ. ಬಿ 12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವುಂಟಾಗುವುದು, ಇವಕ್ಕೆ ಚಿಕಿತ್ಸೆಯಿದೆ. ನಮ್ಮ ಸೀಮೆಯವರಿಗೆ ಮಣಿಪಾಲದ ಆಸ್ಪತ್ರೆಯು ದೂರವಲ್ಲ. ಆದಕಾರಣ ಹಿರಿಯರು ಕೇಳಿದ್ದನ್ನೇ ಹತ್ತು ಸಲ ಕೇಳಿದಾಗ ಗದರದೆ, ಗಾದೆಯನ್ನು ಬದಿಗಿಟ್ಟು, ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಗೃಹಸ್ಥರಲ್ಲಿ ನಮ್ಮ ವಿನಂತಿ.