ಗೆಳತಿಗೆ ಮಾತ್ರ ಹೇಳಿದ್ದು

ರಾತ್ರಿ ಪಾಳಿ ಮುಗಿಸಿ ಬಂದರೂ ನಿದ್ದೆ ಹತ್ತದ ದಿನಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಫೈರ್‌ಫ್ಲೈ ಲೇನ್’ ನೋಡಿದೆ. ಕ್ರಿಸ್ಟಿನ್ ಹ್ಯಾನಾ ಅವರ 2008ರ ಕಾದಂಬರಿಯ ಧಾರಾವಾಹಿ ರೂಪ. 2021ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಶಾಲೆಯ ದಿನಗಳಲ್ಲಿ ಒಂದೇ ಬೀದಿಯಲ್ಲಿ ಗೆಳತಿಯರಾದ ಟಲಿ ಮತ್ತು ಕೇಟ್ ಬದುಕಿಡೀ ಜೊತೆಯಾಗಿ ಸಾಗುತ್ತಾರೆ. ನಡುವೆ ಮನಸ್ಸು ಮುರಿದು ಮಾತು ಬಿಟ್ಟಿರುವಾಗಲೇ ಕೇಟ್‌ಗೆ ಕ್ಯಾನ್ಸರ್ ಎಂದು ತಿಳಿಯುತ್ತದೆ. ಕಥೆ ಕೆಲವೆಡೆ ನಮ್ಮ ಸೀರಿಯಲ್‌ಗಳಂತೆಯೇ ಎಳೆದಾಡುತ್ತದೆ, ಹಿಂದಕ್ಕೂ ಮುಂದಕ್ಕೂ ಜಿಗಿದು ತಲೆ ತಿರುಗಿಸುತ್ತದೆ. ಆದರೆ ಆ ಕಾಯಿಲೆಯ ಹೆಸರು ಕೇಳಿದಾಗ ಎದ್ದು ಕುಳಿತೆ.

ಇನ್‌ಫ್ಲಮೇಟರಿ ಸ್ತನ ಕ್ಯಾನ್ಸರ್. ಸ್ತನ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದರಿಂದ ಐದು ಮಾತ್ರ. ಬಹಳ ಸಲ ಕೈಗೆ ಸಿಗುವ ಗಂಟೇ ಇರುವುದಿಲ್ಲ. ಕ್ಯಾನ್ಸರ್ ಕಣಗಳು ಚರ್ಮದೊಳಗಿನ ದುಗ್ಧರಸ ನಾಳಗಳನ್ನು ಮುಚ್ಚುವುದರಿಂದ ಸ್ತನ ಕೆಂಪಾಗಿ, ಊದಿ, ಬಿಸಿಯಾಗುತ್ತದೆ. ಚರ್ಮ ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ನೋಡಿದರೆ ಸೋಂಕಿನ ಹಾಗೆಯೇ. ಹೀಗಾಗಿ ಮೊದಲು ಸಿಗುವುದು ಆಂಟಿಬಯೋಟಿಕ್. ಅದು ತಪ್ಪಲ್ಲ. ವಾರ, ಹತ್ತು ದಿನ ಮಾತ್ರೆ ನುಂಗಿಯೂ ಕೆಂಪು ಇಳಿಯದಿದ್ದರೆ ಇನ್ನೊಂದು ಕೋರ್ಸ್ ಬರೆಸಿಕೊಳ್ಳುವುದು ತಪ್ಪು. ಆಗ ಸ್ಕ್ಯಾನಿಂಗ್ ಬೇಕು, ಬಯಾಪ್ಸಿ ಬೇಕು. ಮ್ಯಾಮೊಗ್ರಾಮ್ ಒಂದರಲ್ಲೇ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಕನಿಷ್ಠ ಮೂರನೇ ಹಂತ ಮುಟ್ಟಿರುತ್ತದೆ.

ಧಾರಾವಾಹಿಯ ಕಥೆ ಸಿಯಾಟಲ್ ಕಡೆಯದು. ಆದರೆ ಈ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ 2006ರಲ್ಲಿ ತೆರೆದದ್ದು ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ, ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ. (ಆಂಡರ್ಸನ್ ಡಾಕ್ಟರಲ್ಲ, ಹತ್ತಿ ವ್ಯಾಪಾರಿ. ಎಂ.ಡಿ. ಎಂಬುದು ಅವರ ಹೆಸರಿನ ಮೊದಲಕ್ಷರಗಳು!) ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಕೊನೆಗೆ ರೇಡಿಯೇಷನ್. ಈ ಕಾಯಿಲೆಗೆ ಕ್ರಮ ಇದೇ. ಅವಸರಪಟ್ಟು ಮೊದಲೇ ಕೊಯ್ಯಿಸಬಾರದು.

ಅದೇ ಹ್ಯೂಸ್ಟನ್ ಆಸ್ಪತ್ರೆಯಲ್ಲಿ ಸೂಸನ್ ಕೋಮೆನ್ ಎಂಬಾಕೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದರು. 1980ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ತಂಗಿ ನ್ಯಾನ್ಸಿ ಅಕ್ಕನಿಗೆ ಕೊಟ್ಟ ಮಾತಿನಂತೆ 1982ರಲ್ಲಿ ಡಲ್ಲಾಸ್‌ನಲ್ಲಿ ಸಂಸ್ಥೆ ಕಟ್ಟಿದರು. ಆ ಕಾಲದಲ್ಲಿ ಅಮೆರಿಕದಲ್ಲೂ ಈ ಕಾಯಿಲೆಯ ಹೆಸರನ್ನು ನಾಲ್ಕು ಜನರೆದುರು ಹೇಳಲು ಹಿಂಜರಿಯುತ್ತಿದ್ದರು.

ನಮ್ಮಲ್ಲಿ ಈಗಲೂ ಹಾಗೆಯೇ. ಕಳೆದ ವರ್ಷ ಕುಂದಾಪುರ ಕಡೆಯ ಒಬ್ಬರು ನಮ್ಮ ಫಾರ್ಮಸಿ ಕೌಂಟರಿಗೆ ಬಂದು ಮೊಬೈಲ್‌ನಲ್ಲಿ ಊರಿನ ಚೀಟಿ ತೋರಿಸಿದರು. “ಅಕ್ಕ, ಊರಿಗೆ ಹೋಗುವವರು ಇದ್ದಾರೆ. ಹೆಂಡತಿಗೆ ಇದೇ ಮಾತ್ರೆ ಕಳಿಸಬೇಕು, ಇಲ್ಲಿಯದು ಒಳ್ಳೆಯದಲ್ವಾ?” ಆಗಲೇ ಎರಡು ಕೋರ್ಸ್ ಮುಗಿದಿತ್ತು. ಎಲ್ಲಿಗೆ ಸೋಂಕು ಎಂದು ಕೇಳಿದೆ. ನೆಲ ನೋಡಿದರು. ಹೆಂಡತಿ ಅವರಿಗೂ ಹೇಳಿರಲಿಲ್ಲವಂತೆ. ದೂರದಲ್ಲಿರುವವರಿಗೆ ಯಾಕೆ ಚಿಂತೆ ಎಂದು. ಗೊತ್ತಿದ್ದದ್ದು ಶಾಲೆಯಿಂದಲೂ ಜೊತೆಗಿದ್ದ, ಈಗ ಪಕ್ಕದ ಬೀದಿಯಲ್ಲಿರುವ ಗೆಳತಿಯೊಬ್ಬರಿಗೆ. ತಡೆಯಲಾರದೆ ಇವರಿಗೆ ಫೋನ್ ಮಾಡಿದ್ದು ಅವರೇ.

ನಾನು ಮಾತ್ರೆ ಕೊಡಲಿಲ್ಲ. ಅಲ್ಲೇ ನಿಂತು ಆ ಗೆಳತಿಗೆ ಫೋನ್ ಮಾಡಿಸಿ ಮಾತಾಡಿದೆ. “ನಾಳೆಯೇ ಮಂಗಳೂರಿಗೆ ಕರ್ಕೊಂಡು ಹೋಗ್ತೇನೆ, ಬೈದರೂ ಪರವಾಗಿಲ್ಲ” ಎಂದರು. ಬಯಾಪ್ಸಿಯಲ್ಲಿ ಅದೇ ಬಂತು.

ಈಗ ಅವರು ತಿಂಗಳಿಗೊಮ್ಮೆಯಾದರೂ ಕೌಂಟರಿಗೆ ಬರುತ್ತಾರೆ. ಕೀಮೋ, ಆಪರೇಷನ್ ಎರಡೂ ಆಗಿ ರೇಡಿಯೇಷನ್ ನಡೆಯುತ್ತಿದೆ. ರಜೆ ಸಿಕ್ಕಿದ್ದು ಆಪರೇಷನ್ ಹೊತ್ತಿಗೆ ಇಪ್ಪತ್ತು ದಿನ ಮಾತ್ರ. ಉಳಿದಂತೆ ಬೆಳಗ್ಗಿನ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂರುವುದು ಆ ಗೆಳತಿಯೇ. ಮೊನ್ನೆ ಬಂದವರು ಕೇಳಿದರು: “ಊರಿಗೆ ಹೋಗುವಾಗ ಅವರಿಗೆ ಏನು ತಗೊಂಡು ಹೋಗಲಿ ಅಕ್ಕ? ಸೆಂಟ್ ಬಾಟಲಿ ಕೊಡಲು ನಾಚಿಕೆಯಾಗ್ತದೆ.”