ಹಾಲಿನ ಚೀಟಿ ಓದಲು ಕಲಿಸಿದ ಸಿನಿಮಾ

ಡೈರಿಯಲ್ಲಿ ಕೊಡೋ ಚೀಟಿಯಲ್ಲಿ ಲೀಟರ್ ಮಾತ್ರ ನೋಡ್ತೀರಾ, ಇಲ್ಲ ಫ್ಯಾಟ್ ಕೂಡ ನೋಡ್ತೀರಾ?

1976ರ ಹಿಂದಿ ಸಿನಿಮಾ 'ಮಂಥನ್' ನೋಡಿದರೆ ಈ ಪ್ರಶ್ನೆ ಯಾಕೆ ಮುಖ್ಯ ಅಂತ ತಿಳಿಯುತ್ತೆ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಇದು. ನಿರ್ದೇಶಕರು ಶ್ಯಾಮ್ ಬೆನಗಲ್. ವರ್ಗೀಸ್ ಕುರಿಯನ್ ಅವರ ಸಹಕಾರ ಚಳವಳಿಯೇ ಇದಕ್ಕೆ ಪ್ರೇರಣೆ. ನಮ್ಮ ಗಿರೀಶ್ ಕಾರ್ನಾಡ್ ಇದರಲ್ಲಿ ಪಶುವೈದ್ಯ ಡಾ. ರಾವ್. ಹಳ್ಳಿಗೆ ಬಂದು ಹಾಲು ಪರೀಕ್ಷೆ ಮಾಡಿಸ್ತಾರೆ, ಗುಣಮಟ್ಟಕ್ಕೆ ತಕ್ಕ ದುಡ್ಡು ಕೊಡಿಸೋಕೆ ಹೋರಾಡ್ತಾರೆ. ವಿಜ್ಞಾನ ಅಳೆದು ತೋರಿಸಿದ್ದನ್ನು ಕಲೆ ಜನರ ಮನಸ್ಸಿಗೆ ಮುಟ್ಟಿಸಿತು.

ಈಗ ನಮ್ಮ ಕೊಟ್ಟಿಗೆಗೆ ಬರೋಣ:

1. ಮೊದಲು ಕರೆದ ಹಾಲಿನಲ್ಲಿ ಫ್ಯಾಟ್ ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೆಚ್ಚಲಲ್ಲಿ ಹಾಲು ಉಳಿಸಬೇಡಿ.
2. ಹಿಂಡಿ ಜಾಸ್ತಿ, ಮೇವು ಕಡಿಮೆ ಆದರೆ ಫ್ಯಾಟ್ ಇಳಿಯುತ್ತೆ. ಒಣಮೇವು ತಪ್ಪಿಸಬೇಡಿ.
3. ಕೆನೆ ಮೇಲೆ ನಿಲ್ಲುತ್ತೆ. ಸ್ಯಾಂಪಲ್ ತೆಗೆಯೋ ಮುಂಚೆ ಹಾಲು ಚೆನ್ನಾಗಿ ಕಲಕಿಸಿ.

ದಿನಾ ಚೀಟಿಯ ಫೋಟೋ ತೆಗೆದಿಡಿ. ಫ್ಯಾಟ್ ದಿಢೀರ್ ಇಳಿದರೆ ಸಂಘದಲ್ಲಿ ನಿಮ್ಮೆದುರೇ ಇನ್ನೊಮ್ಮೆ ಪರೀಕ್ಷೆ ಮಾಡಿ ಅಂತ ಕೇಳಿ. ಹಾಲು ನಿಮ್ಮದು, ಲೆಕ್ಕವೂ ನಿಮಗೆ ಗೊತ್ತಿರಲಿ.